ಶಸ್ತ್ರವೈದ್ಯನ ‘ಯೋಗ್ಯಾ’ ವಿಧಿ ಮತ್ತು ತುಳುನಾಡಿನ ಹಿತ್ತಿಲು

ಭಾರತೀಯ ಶಸ್ತ್ರವೈದ್ಯವು ಸುಶ್ರುತನ ತರುವಾಯ ಕ್ರಮೇಣ ಕ್ಷೀಣಿಸಿ ಗ್ರಂಥಮಾತ್ರವಾಗಿ ಉಳಿಯಿತೆಂಬ ಮಾತು ಇತಿಹಾಸದ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಮಾತನ್ನು ನಾವು ಪೂರ್ಣವಾಗಿ ಅಂಗೀಕರಿಸಲಾರೆವು. ಗ್ರಂಥದ ಪರಂಪರೆ ಕಡಿದಲ್ಲಿ ಕೈಯ ಪರಂಪರೆಯೂ ಕಡಿಯಿತೆಂದು ಊಹಿಸಲು ಆಧಾರವೇನು?

ಸುಶ್ರುತಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯಕ್ಕೆ ‘ಯೋಗ್ಯಾಸೂತ್ರೀಯ’ವೆಂದು ಹೆಸರು. ಯೋಗ್ಯಾ ಎಂದರೆ ಕೈಯ ಅಭ್ಯಾಸ. ಶಾಸ್ತ್ರವನ್ನೆಲ್ಲ ಓದಿದವನೂ ಈ ಅಭ್ಯಾಸವಿಲ್ಲದಿದ್ದರೆ ಚಿಕಿತ್ಸಾಕರ್ಮಕ್ಕೆ ಅರ್ಹನಲ್ಲವೆಂಬುದು ಅಲ್ಲಿಯ ನಿರ್ಣಯ. ಅಭ್ಯಾಸಕ್ಕೆ ವಿಧಿಸಿರುವ ಪದಾರ್ಥಗಳಾದರೋ ಅತ್ಯಂತ ಸುಲಭವಾದುವು. ಕತ್ತರಿಸುವುದನ್ನು ಕಲಿಯಲು ಬೂದುಗುಂಬಳ, ಸೋರೆ, ಸೌತೆ. ಭೇದಿಸುವುದಕ್ಕೆ ನೀರು ಕೆಸರು ತುಂಬಿದ ಚರ್ಮದ ಚೀಲ. ಸಿರೆಯನ್ನು ಚುಚ್ಚುವುದಕ್ಕೆ ಸತ್ತ ಪಶುಗಳ ಸಿರೆ ಮತ್ತು ನೈದಿಲೆಯ ನಾಳ. ಒಳಗೆ ಸಿಕ್ಕಿದುದನ್ನು ಹೊರದೆಗೆಯಲು ಹಲಸು, ತೊಂಡೆ, ಬಿಲ್ವಗಳ ತಿರುಳು. ಸ್ರಾವ ಹೊರಡಿಸುವುದಕ್ಕೆ ಜೇನುಮೇಣ ಬಳಿದ ಬೂರುಗದ ಹಲಗೆ. ಹೊಲಿಗೆಗೆ ಬಟ್ಟೆಯ ಅಂಚು ಮತ್ತು ಮೃದುವಾದ ಚರ್ಮ. ಕಟ್ಟು ಕಟ್ಟುವುದಕ್ಕೆ ಆಳೆತ್ತರದ ಬೊಂಬೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಯಾವ ಹಳೆಯ ಮನೆಯ ಹಿತ್ತಿಲಲ್ಲಿ ನಿಂತು ನೋಡಿದರೂ ಈ ಪಟ್ಟಿಯ ಬಹುಭಾಗ ಕೈಗೆಟುಕುವಂತಿದೆ. ರಾಜಾಶ್ರಯವಾಗಲಿ ಶಾಲೆಯಾಗಲಿ ಇಂಥ ಶಿಕ್ಷಣಕ್ಕೆ ಅನಿವಾರ್ಯವಲ್ಲ, ಮನೆಯೇ ಸಾಕು. ಆದುದರಿಂದಲೇ ಅದು ದಾಖಲೆಗೆ ಬರಲಿಲ್ಲವೆಂದು ನಮ್ಮ ತರ್ಕ.

ಮೂಡುಬಿದಿರೆಯಂತಹ ಜೈನಕೇಂದ್ರದ ವಿಷಯದಲ್ಲಿ ಒಂದು ತೊಡಕುಂಟು. ಉಗ್ರಾದಿತ್ಯನ ‘ಕಲ್ಯಾಣಕಾರಕ’ವು ಮದ್ಯ ಮಾಂಸ ಮಧುಗಳನ್ನು ಔಷಧದಿಂದಲೇ ಹೊರಗಿಟ್ಟಿತು, 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯವನ್ನು ಕನ್ನಡಕ್ಕೆ ತಂದನು. ಈ ಸಂಪ್ರದಾಯದವರಿಗೆ ಸತ್ತ ಪಶುವಿನ ಸಿರೆ ರುಚಿಸದೆಂಬುದು ಸ್ಪಷ್ಟ. ಆದರೂ ಕಾಯಿ, ನಾಳ, ಬಟ್ಟೆಗಳು ಉಳಿಯುತ್ತವೆ. (ಎಲೆಯನ್ನು ತೂತುಮಾಡದೆ ಕಂಠದಿಂದ ಅಕ್ಷರ ಕೊರೆಯುವ ಓಲೆಗಾರನ ಹದವನ್ನೂ ಇಲ್ಲಿ ನೆನೆಯಬೇಕು. 1948ರಲ್ಲಿ ಪ್ರಕಟವಾದ ಕೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರ ಗ್ರಂಥಸೂಚಿಯನ್ನು ತಿರುವಿದವರಿಗೆ ಈ ಸೀಮೆಯಲ್ಲಿ ಅಂಥ ಕೈಗಳು ಎಷ್ಟಿದ್ದುವೆಂದು ತಿಳಿಯದಿರದು.)

ಕೈಯ ಪರಂಪರೆ ಬದುಕಿತ್ತೆಂಬುದಕ್ಕೆ ಬಲವಾದ ಸಾಕ್ಷ್ಯವು ಮೈಸೂರು ಯುದ್ಧದಿಂದಲೇ ದೊರೆಯುತ್ತದೆ. ಇಂಗ್ಲಿಷರ ಸೇನೆಯಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠನು 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷಕ್ಕೂ ಮೇಲ್ಪಟ್ಟು ಹಾಗೆಯೇ ಇದ್ದವನಿಗೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಹೊಸ ಮೂಗನ್ನು ಮಾಡಿದನು. ತೆಳುವಾದ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನೇ ಚಪ್ಪಟೆಮಾಡಿ ಹಣೆಯ ಮೇಲಿಟ್ಟು ಗೆರೆಯೆಳೆದು, ಹುಬ್ಬುಗಳ ನಡುವೆ ಒಂದು ಎಳೆ ಉಳಿಯುವಂತೆ ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸಿ, ಹೊಲಿಗೆಯಿಲ್ಲದೆ ಕಾಚಿನ ಲೇಪದಿಂದ ಕೂಡಿಸಿದನು. ಸುಮಾರು 25ನೆಯ ದಿನ ಆ ಎಳೆಯನ್ನು ಕತ್ತರಿಸುವುದು ಕ್ರಮ. ಇದರ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ನಲ್ಲಿ ಅಚ್ಚಾಯಿತು. ಅದನ್ನು ಓದಿದ ಕಾರ್ಪ್ಯೂ ಎಂಬ ವೈದ್ಯನು ಶವಗಳ ಮೇಲೆ ಅಭ್ಯಾಸ ಮಾಡಿ 1814ರಲ್ಲಿ ರೋಗಿಯ ಮೇಲೆ ಪ್ರಯೋಗಿಸಿ, 1816ರಲ್ಲಿ ಗ್ರಂಥ ಬರೆದನು. ಸುಶ್ರುತನು ಅಳತೆಗೆ ಎಲೆಯನ್ನೂ ಚರ್ಮಕ್ಕೆ ಕೆನ್ನೆಯನ್ನೂ ಹೇಳಿದ್ದಾನೆ. ಇಲ್ಲಿ ಮೇಣವೂ ಹಣೆಯೂ ಬಂದಿವೆ. ಪುಸ್ತಕವನ್ನು ಒಪ್ಪಿಸಿದವನು ಹೀಗೆ ಬದಲಾಯಿಸುತ್ತಿರಲಿಲ್ಲ. ತಲೆಮಾರುಗಳಿಂದ ಮಾಡಿ ನೋಡಿದವರು ಮಾತ್ರ ಬದಲಾಯಿಸಬಲ್ಲರು.

ಸುಶ್ರುತನಿಗೆ ಇಂದಿನ ಸೂಕ್ಷ್ಮ ಶಸ್ತ್ರಚಿಕಿತ್ಸೆ ತಿಳಿದಿತ್ತೆಂದು ಹೇಳುವವರೊಡನೆ ನಮಗೆ ಸಮ್ಮತಿಯಿಲ್ಲ. ಅದು ಸೂಕ್ಷ್ಮದರ್ಶಕದ ಫಲ: 1921ರಲ್ಲಿ ಸ್ವೀಡನ್ನಿನ ನೈಲೆನ್ ಕಿವಿಯ ಚಿಕಿತ್ಸೆಯಲ್ಲಿ ಅದನ್ನು ಬಳಸಿದನು, 1960ರಲ್ಲಿ ಜೇಕಬ್‌ಸನ್ ಮತ್ತು ಸುವಾರೆಜ್ ಅತಿ ಕಿರಿಯ ರಕ್ತನಾಳಗಳನ್ನು ಅದರಡಿಯಲ್ಲಿ ಹೊಲಿದರು, 1965ರಲ್ಲಿ ಜಪಾನಿನ ಕೊಮಾತ್ಸು ಮತ್ತು ತಮಾಯಿ ಕಡಿದುಹೋದ ಹೆಬ್ಬೆರಳನ್ನು ಮತ್ತೆ ಕೂಡಿಸಿದರು. ಮಿಲಿಮೀಟರಿನ 0.02ರಿಂದ 0.03ರಷ್ಟು ಮಾತ್ರ ದಪ್ಪವಿರುವ ದಾರ ಯಾವ ಸಂಹಿತೆಯಲ್ಲಿಯೂ ಇಲ್ಲ. ಆದರೆ ಈ ವಿದ್ಯೆಯ ಆರಂಭಿಕ ವಿದ್ಯಾರ್ಥಿಯು ಇಂದು ಮನೆಯ ಮೇಜಿನ ಮೇಲೆ ಅಗ್ಗದ ಭೂತಗನ್ನಡಿ ವ್ಯವಸ್ಥೆಯನ್ನೋ ಮೊಬೈಲಿನ ಕ್ಯಾಮೆರಾವನ್ನೋ ಇರಿಸಿಕೊಂಡು ಮೊದಲು ಹೊಲಿಯುವುದು ರಬ್ಬರಿನ ಕೈಗವಸಿನ ತುಂಡನ್ನು, ಅನಂತರ ಅಂಗಡಿಯಿಂದ ತಂದ ಕೋಳಿಯ ತೊಡೆಯ ರಕ್ತನಾಳವನ್ನು. ಯೋಗ್ಯಾಸೂತ್ರೀಯದ ಪಟ್ಟಿಯಲ್ಲಿ ಇವುಗಳ ಸ್ಥಾನದಲ್ಲಿರುವುವು ಮೃದುಚರ್ಮ ಮತ್ತು ಮೃತಪಶುವಿನ ಸಿರೆ.