ಪರಿಹಾರ ಎಂಬ ಮಾತಿನ ಬೆನ್ನುಹತ್ತಿ

ರೋಣ ತಾಲ್ಲೂಕಿನ ಬೆಳವಣಕಿಯ ಎರೆ ಹೊಲದಲ್ಲಿ ನಿಂತರೆ ಕಡಲು ಕಾಣುವುದಿಲ್ಲ. ಅದರ ಸುದ್ದಿ ಮೋಡವಾಗಿ ಬರುತ್ತದೆ, ಇಲ್ಲವೇ ಬಾರದೆ ಬರವಾಗುತ್ತದೆ. ಪೆಸಿಫಿಕ್‌ನ ಎಲ್ ನಿನೊ ಒಂದೇ ಅಲ್ಲ, ಸಮಭಾಜಕದ ಬಳಿ ಹಿಂದೂ ಮಹಾಸಾಗರದ ಮೇಲೆ ಮೋಡ ಪೂರ್ವಕ್ಕೆ ಕಟ್ಟುತ್ತದೋ ಪಶ್ಚಿಮಕ್ಕೋ ಎಂಬುದೂ ನಮ್ಮ ಮುಂಗಾರನ್ನು ತೂಗುತ್ತದೆ ಎಂದು ತೋರಿಸಿಕೊಟ್ಟವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮುಖ್ಯರು. ಮಾಲ್ಡೀವ್ಸ್‌ನ ದ್ವೀಪಗಳು ಹರಡಿರುವುದು ಅದೇ ಸಮಭಾಜಕದ ನೀರಿನಲ್ಲಿ.

2009ರ ಅಕ್ಟೋಬರ್ ಈ ಎರಡು ಲೋಕಗಳನ್ನು ಒಂದೇ ತಿಂಗಳಲ್ಲಿ ನೆನೆಸಿತು. ತಿಂಗಳ ಆರಂಭದಲ್ಲಿ ಮಲಪ್ರಭಾ ಉಕ್ಕಿ ರೋಣ, ನರಗುಂದ ಸೀಮೆಯ ಹೊಳೆದಂಡೆಯ ಊರುಗಳು ಮುಳುಗಿದವು. ಎರಡು ವಾರ ಕಳೆದು, ಅಕ್ಟೋಬರ್ 17ರಂದು, ಮಾಲ್ಡೀವ್ಸ್ ಅಧ್ಯಕ್ಷ ಮೊಹಮದ್ ನಶೀದ್ ತಮ್ಮ ಮಂತ್ರಿಗಳೊಂದಿಗೆ ಉಸಿರಾಟದ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಸಮುದ್ರದೊಳಗೆ ಸಂಪುಟ ಸಭೆ ನಡೆಸಿ, ಇಂಗಾಲದ ಹೊಗೆ ಕಡಿಮೆ ಮಾಡಿ ಎಂಬ ಮನವಿಗೆ ಸಹಿ ಹಾಕಿದರು. ಇಲ್ಲಿನವರು ಮನೆ ಬಿದ್ದ ಮರುದಿನವೇ ಕೇಳಿದ್ದು ಪರಿಹಾರ. ದ್ವೀಪದವರಿಗೆ ಆ ಒಂದು ಮಾತನ್ನು ಒಪ್ಪಂದದ ಕಾಗದಕ್ಕೆ ತರಲು ಮೂರು ದಶಕ ಸಾಲಲಿಲ್ಲ.

ದ್ವೀಪಗಳ ಈ ರಾಜತಾಂತ್ರಿಕತೆಯ ಮೊದಲ ಮಾತು ಹವಾಮಾನದ್ದಲ್ಲ, ಸಮುದ್ರದ್ದು. 1967ರ ನವೆಂಬರ್ 1ರಂದು ಪುಟ್ಟ ಮಾಲ್ಟಾದ ರಾಯಭಾರಿ ಆರ್ವಿಡ್ ಪಾರ್ಡೊ ವಿಶ್ವಸಂಸ್ಥೆಯಲ್ಲಿ ಕಡಲತಳದ ಸಂಪತ್ತು ಇಡೀ ಮನುಕುಲದ ಆಸ್ತಿಯಾಗಬೇಕೆಂದು ವಾದಿಸಿದರು. ಅಲ್ಲಿಂದ ಹೊರಟ ಚರ್ಚೆ 1982ರಲ್ಲಿ ವಿಶ್ವಸಂಸ್ಥೆಯ ಸಮುದ್ರ ಕಾನೂನಾಯಿತು. ಅದರ ಕರಡು ತಿದ್ದುವುದರಲ್ಲಿ ಪಳಗಿದ ಕೈ ಫಿಜಿಯ ಸತ್ಯ ನಂದನ್ ಅವರದು. ಮೊದಲು ಅನುಮೋದಿಸಿದ ದೇಶವೂ ಫಿಜಿಯೇ.

ಹವಾಮಾನದ ಕೂಗು ಕೇಳಿದ್ದು 1987ರಲ್ಲಿ. ಆ ವರ್ಷ ಅಲೆಗಳು ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯೊಳಕ್ಕೇ ನುಗ್ಗಿದ್ದವು. ಅಕ್ಟೋಬರ್‌ನಲ್ಲಿ ಮಾಲ್ಡೀವ್ಸ್ ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮ್ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ತಮ್ಮ ದೇಶವೇ ಅಳಿಯಬಹುದೆಂದು ಹೇಳಿದರು. 1989ರ ನವೆಂಬರ್‌ನಲ್ಲಿ ಮಾಲೆಯಲ್ಲೇ ಸಣ್ಣ ದೇಶಗಳ ಸಮ್ಮೇಳನ ಸೇರಿತು. ಮರುವರ್ಷ ಜಿನೀವಾದಲ್ಲಿ ಸಣ್ಣ ದ್ವೀಪರಾಷ್ಟ್ರಗಳ ಒಕ್ಕೂಟ ಹುಟ್ಟಿತು. ಇಂದು ಅದರಲ್ಲಿ 39 ಸದಸ್ಯರು.

ಒಕ್ಕೂಟದ ಮೊದಲ ಅಧ್ಯಕ್ಷರು ವನುವಾಟು ದೇಶದ ಪರವಾಗಿ ಕೂತ ರಾಬರ್ಟ್ ವ್ಯಾನ್ ಲೀರಪ್. ಹುಟ್ಟಿನಿಂದ ಅಮೆರಿಕದವರು, ವಕೀಲರು. ವಕೀಲಿಕೆಯ ಗುರುತು ಬೇಗನೇ ಕಂಡಿತು. 1991ರಲ್ಲಿ ವನುವಾಟು ಒಂದು ವಿಮಾ ನಿಧಿಯ ಲೆಕ್ಕ ಮುಂದಿಟ್ಟಿತು: ಹೊಗೆ ಉಗುಳಿದ ಶ್ರೀಮಂತ ದೇಶಗಳು ತಮ್ಮ ಪಾಲಿನಷ್ಟು ಕಂತು ಕಟ್ಟಲಿ, ಸಮುದ್ರ ಏರಿ ನೆಲ ಕಳೆದುಕೊಂಡವರಿಗೆ ಅದರಿಂದ ದುಡ್ಡು ಸಿಗಲಿ. ಯಾರೂ ಒಪ್ಪಲಿಲ್ಲ. ಆದರೂ 1992ರ ಹವಾಮಾನ ಒಪ್ಪಂದಕ್ಕೆ ಸೇರುವಾಗ ಫಿಜಿ, ಕಿರಿಬಾಟಿ, ನೌರು, ಪಪುವಾ ನ್ಯೂಗಿನಿ, ಟುವಾಲು ದೇಶಗಳು ಒಂದು ಹೇಳಿಕೆ ಲಗತ್ತಿಸಿದವು: ಈ ಒಪ್ಪಂದಕ್ಕೆ ಸೇರಿದರೂ, ಹಾನಿಗೆ ಹೊಣೆ ಕೇಳುವ ನಮ್ಮ ಕಾನೂನಿನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಆಗ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಹೊಲದ ಬದುವಿನ ಜಗಳ ಕಂಡವರಿಗೆ ಮಾತ್ರ ಇಂಥ ಒಂದು ಸಾಲಿನ ಬೆಲೆ ಗೊತ್ತು.

1994ರಲ್ಲಿ ಒಕ್ಕೂಟ ಇನ್ನೊಂದು ಕರಡು ಕೊಟ್ಟಿತು. ಶ್ರೀಮಂತ ದೇಶಗಳು 1990ರ ಮಟ್ಟಕ್ಕಿಂತ ಶೇ 20ರಷ್ಟು ಇಂಗಾಲವನ್ನು 2005ರೊಳಗೆ ಇಳಿಸಬೇಕು ಎಂದು. 1997ರ ಕ್ಯೋಟೊದಲ್ಲಿ ಸಿಕ್ಕಿದ್ದು ಅದಕ್ಕಿಂತ ಬಹಳ ಕಡಿಮೆ. ಕೋಪನ್‌ಹೇಗನ್‌ನಲ್ಲಿ, 2009ರ ಕೊನೆಗೆ, ದ್ವೀಪರಾಷ್ಟ್ರಗಳು ಭೂಮಿಯ ಬಿಸಿ ಏರಿಕೆಗೆ 1.5 ಡಿಗ್ರಿಯೇ ಮಿತಿ ಎಂಬ ಸಂಖ್ಯೆಗೆ ಜೋತುಬಿದ್ದವು; ದೊಡ್ಡವರು 2 ಡಿಗ್ರಿ ಬಿಟ್ಟು ಕದಲಲಿಲ್ಲ. ಆರು ವರ್ಷದ ನಂತರ ಪ್ಯಾರಿಸ್‌ನಲ್ಲಿ ಮಾರ್ಷಲ್ ದ್ವೀಪಗಳ ಟೋನಿ ಡಿಬ್ರಮ್ ಬಡವರು, ಸಿರಿವಂತರು ಎನ್ನದೆ ದೇಶಗಳನ್ನು ಒಂದು ಕೂಟಕ್ಕೆ ಎಳೆದು, ಆ ಸಂಖ್ಯೆಯನ್ನು ಒಪ್ಪಂದದ ಎರಡನೇ ವಿಧಿಯಲ್ಲಿ ಕೂರಿಸುವುದರಲ್ಲಿ ದೊಡ್ಡ ಪಾತ್ರ ವಹಿಸಿದರು. ನಷ್ಟ ಮತ್ತು ಹಾನಿಗೂ ಎಂಟನೇ ವಿಧಿ ಸಿಕ್ಕಿತು. ಆದರೆ ಜೊತೆಗಿದ್ದ ನಿರ್ಣಯ ಅದರ ಹಲ್ಲು ಕಿತ್ತಿತ್ತು: ಈ ವಿಧಿಯಿಂದ ಹೊಣೆಗಾರಿಕೆಯಾಗಲಿ ಪರಿಹಾರವಾಗಲಿ ಕೇಳುವಂತಿಲ್ಲ.

2022ರಲ್ಲಿ ಈಜಿಪ್ಟ್‌ನ ಶರ್ಮ್ ಎಲ್ ಶೇಖ್‌ನಲ್ಲಿ ನಷ್ಟ ಮತ್ತು ಹಾನಿಯ ನಿಧಿಗೆ ಒಪ್ಪಿಗೆ ಬಿತ್ತು. ವನುವಾಟು ಕೇಳಿ 31 ವರ್ಷವಾಗಿತ್ತು. ಅದೂ ನೆರವು, ಪರಿಹಾರವಲ್ಲ.

ಸಮುದ್ರದ ವ್ಯವಹಾರದಲ್ಲಿ ಇವೇ ದೇಶಗಳು ಹೆಚ್ಚು ಗಟ್ಟಿ. 1982ರ ನೌರು ಒಪ್ಪಂದದಿಂದ ಒಂದಾದ ಎಂಟು ಪೆಸಿಫಿಕ್ ದೇಶಗಳು ಟ್ಯೂನಾ ಮೀನಿನ ಹಡಗುಗಳಿಗೆ ಪರವಾನಗಿಯನ್ನು ಬಿಡಿಬಿಡಿಯಾಗಿ ಕೊಡುವುದನ್ನು ಬಿಟ್ಟು, 2007ರ ಹೊತ್ತಿಗೆ ಮೀನು ಹಿಡಿಯುವ ದಿನಗಳನ್ನೇ ಒಟ್ಟಾಗಿ ಲೆಕ್ಕಹಾಕಿ ಮಾರತೊಡಗಿದವು. ಗದಗಿನ ಮಾರುಕಟ್ಟೆಗೆ ಉಳ್ಳಾಗಡ್ಡಿ ತಂದವರೆಲ್ಲ ಒಂದೇ ದರ ಹೇಳಿ ಕೂತರೆ ದಲಾಲಿ ಅಂಗಡಿಯಲ್ಲಿ ಏನಾದೀತೋ ಅದೇ ಅಲ್ಲಿ ಆಯಿತು. ಆದಾಯ ಹಲವು ಪಟ್ಟು ಏರಿತು. ಪಲಾವು 2020ರಿಂದ ತನ್ನ ಸಮುದ್ರದ ಶೇ 80ರಷ್ಟನ್ನು ಮೀನುಗಾರಿಕೆಗೆ ಮುಚ್ಚಿತು. ತೆರೆದ ಸಾಗರದ ಜೀವಸಂಕುಲ ಕಾಯುವ 2023ರ ಒಪ್ಪಂದವನ್ನು ಮೊದಲು ಅನುಮೋದಿಸಿದ್ದೂ ಪಲಾವು.

ಎಲ್ಲರೂ ಒಂದೇ ದನಿ ಎಂದುಕೊಳ್ಳಬಾರದು. 2021ರಲ್ಲಿ ನೌರು ಆಳ ಸಮುದ್ರದ ಗಣಿಗಾರಿಕೆಗೆ ನಿಯಮ ಬೇಗ ಮಾಡಿ ಎಂದು ಗಡುವು ಹಾಕಿತು. ಪಲಾವು, ಫಿಜಿಗಳು ಅದಕ್ಕೆ ತಡೆ ಕೇಳಿದವು. ಫಾಸ್ಫೇಟ್ ಅಗೆದು ಅಗೆದು ಬರಿದಾದ ನೌರುವಿಗೆ ಬೇರೆ ದಾರಿ ಕಡಿಮೆ ಎಂಬುದೂ ನಿಜವೇ.

ಸಂಧಾನದಲ್ಲಿ ದಣಿದವರು ಕೊನೆಗೆ ಕೋರ್ಟಿಗೆ ಹೋದರು. ಆಂಟಿಗುವಾ ಮತ್ತು ಬಾರ್ಬುಡಾ, ಟುವಾಲು ಕೂಡಿ 2021ರಲ್ಲಿ ಕಟ್ಟಿದ ಆಯೋಗದ ಕೋರಿಕೆಗೆ ಅಂತರರಾಷ್ಟ್ರೀಯ ಸಮುದ್ರ ನ್ಯಾಯಮಂಡಳಿ 2024ರ ಮೇ 21ರಂದು ಉತ್ತರಿಸಿತು: ಹಸಿರುಮನೆ ಅನಿಲ ಸಮುದ್ರಕ್ಕೆ ಮಾಲಿನ್ಯವೇ. 2019ರಲ್ಲಿ ವನುವಾಟುವಿನಲ್ಲಿ ಕಾನೂನು ಓದುತ್ತಿದ್ದ ವಿದ್ಯಾರ್ಥಿಗಳು, ಹವಾಮಾನದ ಹೊಣೆ ಯಾರದೆಂದು ನ್ಯಾಯಾಲಯವನ್ನೇ ಕೇಳೋಣ ಎಂದು ತರಗತಿಯಲ್ಲಿ ಹೊಳೆದ ವಿಚಾರವನ್ನು ಅಲ್ಲಿನ ಸರ್ಕಾರಕ್ಕೆ ಮುಟ್ಟಿಸಿದ್ದರು. ಅದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತಲುಪಿತು. 2024ರ ಡಿಸೆಂಬರ್ ವಿಚಾರಣೆಯಲ್ಲಿ ಭಾರತ, ಇರುವ ಹವಾಮಾನ ಒಪ್ಪಂದಗಳನ್ನು ಮೀರಿ ಹೊಸ ಹೊಣೆ ಹೊರಿಸಬಾರದೆಂದು ವಾದಿಸಿತು. ದ್ವೀಪಗಳ ಮೂಲಸೌಕರ್ಯಕ್ಕೆಂದು 2021ರಲ್ಲಿ ಗ್ಲಾಸ್ಗೊದಲ್ಲಿ ಯೋಜನೆ ಉದ್ಘಾಟಿಸಿದ ದೇಶವೂ ಇದೇ. ನ್ಯಾಯಾಲಯ 2025ರ ಜುಲೈ 23ರಂದು, ಹೊಣೆ ಒಪ್ಪಂದಗಳಿಗೆ ಸೀಮಿತವಲ್ಲ, ಉಲ್ಲಂಘನೆಗೆ ಪರಿಹಾರ ಕೊಡಬೇಕಾದೀತು ಎಂದಿತು. ಸಲಹಾ ಅಭಿಪ್ರಾಯ ಅಷ್ಟೇ, ಡಿಕ್ರಿಯಲ್ಲ. ಆದರೂ ಆ ಮಾತು ಈಗ ಕಾಗದದ ಮೇಲಿದೆ.

ನೆರೆ ಬಂದ ಮೇಲೆ ಮಲಪ್ರಭೆಯ ದಂಡೆಯವರಿಗೆ ಸರ್ಕಾರ ಎತ್ತರದ ಜಾಗದಲ್ಲಿ ಆಸರೆ ಮನೆಗಳನ್ನು ಕಟ್ಟಿಸಿತು. ಸುಮಾರು 11,000 ಜನರ ಟುವಾಲುವಿಗೆ ಅಂಥ ಎತ್ತರದ ನೆಲವಿಲ್ಲ. 2023ರ ನವೆಂಬರ್‌ನಲ್ಲಿ ಅದು ಆಸ್ಟ್ರೇಲಿಯಾದೊಡನೆ ಮಾಡಿಕೊಂಡ ಫಲೆಪಿಲಿ ಒಪ್ಪಂದದಂತೆ ವರ್ಷಕ್ಕೆ 280 ಜನ ಅಲ್ಲಿಗೆ ಹೋಗಿ ನೆಲೆಸಬಹುದು. ನೆಲ ಮುಳುಗಿದರೂ ಟುವಾಲು ದೇಶವಾಗಿಯೇ ಉಳಿಯುತ್ತದೆಂದು ಆಸ್ಟ್ರೇಲಿಯಾ ಒಪ್ಪಿದೆ. ಬದಲಿಗೆ, ಬೇರೆ ದೇಶದೊಂದಿಗೆ ರಕ್ಷಣಾ ಒಪ್ಪಂದಕ್ಕೆ ಟುವಾಲು ಆಸ್ಟ್ರೇಲಿಯಾದ ಸಮ್ಮತಿ ಪಡೆಯಬೇಕು. 2025ರಲ್ಲಿ ಮೊದಲ ಲಾಟರಿಗೆ ಹೆಸರು ಕೊಟ್ಟವರು, ಮನೆಮಂದಿ ಸೇರಿ, 8,000ಕ್ಕೂ ಹೆಚ್ಚು.