ಕಂಡಕ್ಟರ್ ಆಗುವ ಕನಸು ಎಲ್ಲಿಗೆ ಹೋಯಿತು?

"ದೊಡ್ಡವನಾದ ಮೇಲೆ ಏನಾಗ್ತೀಯಾ ಮಗಾ?" ಅಂತ ಕೇಳಿದರೆ ನಮ್ಮ ಹಳ್ಳಿಗಳ ಎಷ್ಟೋ ಹುಡುಗರು ಒಂದು ಕಾಲದಲ್ಲಿ "ಬಸ್ ಕಂಡಕ್ಟರ್" ಅನ್ನುತ್ತಿದ್ದರು. ದೊಡ್ಡವರಾಗುತ್ತಾ ಆ ಮಾತು ಬದಲಾಗುತ್ತಿತ್ತು. ಮಕ್ಕಳಾಟ ಅಂತ ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಈ ಕನಸುಗಳಿಗೂ ಒಂದು ಇತಿಹಾಸವಿದೆ. ಯಾವ ಕೆಲಸ ಮಗುವಿನ ಕಣ್ಣಿಗೆ ದಿನಾ ಬೀಳುತ್ತದೋ ಅದೇ ಕನಸಾಗುತ್ತದೆ. ಆ ಕೆಲಸದ ದಾರಿ ಮುಚ್ಚಿದರೆ ಕನಸೂ ಬದಲಾಗುತ್ತದೆ.

ಬಸ್ಸಿನಿಂದಲೇ ಶುರು ಮಾಡೋಣ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆ ಸೇವೆ ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ಕೆಂಪು ಬಸ್ಸು ಒಂದೊಂದೇ ಹಳ್ಳಿಗೆ ಬಂತು. ಖಾಕಿ ಬಟ್ಟೆ, ಚರ್ಮದ ಬ್ಯಾಗು, ಬಣ್ಣಬಣ್ಣದ ಟಿಕೆಟ್ ಕಟ್ಟು, ಬಾಯಲ್ಲಿ ಸೀಟಿ. ಅವನು "ರೈಟ್" ಅಂದರೆ ಅಷ್ಟು ದೊಡ್ಡ ಗಾಡಿ ಹೊರಡುತ್ತಿತ್ತು! ಮಳೆ ನಂಬಿದ ಮನೆಯ ಮಗುವಿಗೆ, ತಿಂಗಳಿಗೆ ಸರಿಯಾಗಿ ಸಂಬಳ ಬರುವ ಮನುಷ್ಯನೊಬ್ಬ ಅಷ್ಟು ಹತ್ತಿರದಲ್ಲಿ ಕಂಡ. ಹುಡುಗರು ಹಗ್ಗದೊಳಗೆ ಸಾಲಾಗಿ ನಿಂತು ಬಸ್ ಆಟ ಆಡಿದರು. ಇತ್ತ ಬೆಂಗಳೂರಿನಲ್ಲಿ ನಿಜವಾಗಿಯೂ ಕಂಡಕ್ಟರ್ ಆಗಿದ್ದ ಶಿವಾಜಿ ರಾವ್ ಗಾಯಕ್‌ವಾಡ್ ಸಿನಿಮಾ ಕನಸು ಕಂಡು ರಜನಿಕಾಂತ್ ಆದರು.

ಹೆಣ್ಣುಮಕ್ಕಳ ಕಣ್ಣಿಗೆ ಬಿದ್ದದ್ದು ಶಾಲೆಯ ಟೀಚರ್. ಟಿಸಿಎಚ್ ಮುಗಿಸಿದರೆ ಸರ್ಕಾರಿ ಶಾಲೆಯಲ್ಲಿ ಕೆಲಸ ಅನ್ನುವ ನಂಬಿಕೆ ಇತ್ತು. ಮಗಳನ್ನು ಓದಿಸಲು ಹಿಂದೆಮುಂದೆ ನೋಡುತ್ತಿದ್ದ ಅಪ್ಪಂದಿರೂ ಇದಕ್ಕೆ ಒಪ್ಪುತ್ತಿದ್ದರು. ಟಿಸಿಎಚ್ ಮುಂದೆ ಡಿ.ಎಡ್ ಆಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಟಿಇಟಿ ಪಾಸಾಗುವುದು ಕಡ್ಡಾಯವಾಯಿತು. ನೇಮಕಾತಿಗೆ ವರ್ಷಗಟ್ಟಲೆ ಕಾಯುವಂತಾಯಿತು. ಸೇರುವವರಿಲ್ಲದೆ ಎಷ್ಟೋ ಡಿ.ಎಡ್ ಕಾಲೇಜುಗಳು ಬಾಗಿಲು ಹಾಕಿದವು. "ಮಿಸ್ ಆಗ್ತೀನಿ" ಎನ್ನುವ ಮಾತೂ ಕಡಿಮೆಯಾಯಿತು.

ನಂತರ ಎಂಜಿನಿಯರ್ ಕಾಲ. ವಿಶ್ವೇಶ್ವರಯ್ಯನವರ ಫೋಟೋ ಶಾಲೆಯ ಗೋಡೆ ಮೇಲೆ ಮೊದಲಿಂದಲೂ ಇತ್ತು. ಆದರೆ ಆ ಕನಸು ಹಳ್ಳಿಗೆ ಹತ್ತಿರವಾದದ್ದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಬೆಳೆದ ಮೇಲೆ, 1994ರಿಂದ ಸಿಇಟಿ ನಡೆದ ಮೇಲೆ. ಊರಿನ ಒಬ್ಬ ಹುಡುಗ ಎಂಜಿನಿಯರ್ ಆಗಿ ಆರ್‌ಸಿಸಿ ಮನೆ ಕಟ್ಟಿಸಿದರೆ ಸಾಕು, ಆ ಬೀದಿಯ ಮಕ್ಕಳೆಲ್ಲರ ಕನಸೂ ಅದೇ.

ವರದಿಗೆಂದು ಶಾಲೆಗಳಿಗೆ ಹೋದಾಗ ಈಗ ಪೊಲೀಸ್, ಮಿಲಿಟರಿ, ಐಎಎಸ್, ಯೂಟ್ಯೂಬರ್ ಅಂತ ಕೇಳಿಸುತ್ತದೆ. ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಇವೂ ಬದಲಾಗುತ್ತವೆ. ಆದರೆ ಎಲ್ಲ ಬದಲಾವಣೆಯೂ ಒಂದೇ ಅಲ್ಲ. ಓದುತ್ತಾ ಓದುತ್ತಾ ಬೇರೆ ವಿಷಯ ಇಷ್ಟವಾಗಿ ಕನಸು ಬದಲಾಗುವುದು ಒಂದು. ಪಿಯು ಕಾಲೇಜು ದೂರ, ಸಂಜೆ ಬಸ್ಸಿಲ್ಲ, ಹಾಸ್ಟೆಲ್ ಸೀಟಿಲ್ಲ, ಫೀಸಿಗೆ ದುಡ್ಡಿಲ್ಲ ಅಂತ ಬಿಡುವುದು ಇನ್ನೊಂದು. ಎರಡನ್ನೂ ನಾವು "ಈಗ ಬುದ್ಧಿ ಬಂತು" ಅಂದುಬಿಡುತ್ತೇವೆ.

ಅಬ್ದುಲ್ ಕಲಾಂ ಅವರಿಗೆ ವಾಯುಪಡೆಯ ಪೈಲಟ್ ಆಗುವ ಆಸೆ ಇತ್ತು. ಡೆಹ್ರಾಡೂನ್‌ನ ಆಯ್ಕೆಯಲ್ಲಿ 25 ಜನರಲ್ಲಿ 9ನೆಯವರಾದರು. ಬೇಕಿದ್ದದ್ದು 8 ಜನ. ಆದರೆ ಎಂಜಿನಿಯರಿಂಗ್ ಓದು ಕೈಯಲ್ಲಿತ್ತು, ಇನ್ನೊಂದು ದಾರಿ ತೆರೆದಿತ್ತು. ಅವರು ರಾಕೆಟ್ ಕಡೆಗೆ ಹೋದರು. ಕನಸು ಕೈತಪ್ಪಿದ ನಮ್ಮೂರಿನ ಮಗುವಿಗೆ ಇಂಥ ಎರಡನೇ ದಾರಿ ಇದೆಯೇ?

ಸ್ವಲ್ಪವಾದರೂ ಇದೆ. ಸಿಇಟಿ ಸೀಟುಗಳಲ್ಲಿ 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಭಾಗದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ನಿಮ್ಮ ಮಗ, ಮಗಳು "ಅದು ಬೇಡ ಬಿಡಪ್ಪಾ" ಅಂದರೆ, ಯಾಕೆ ಬೇಡ ಅಂತ ಒಂದು ಮಾತು ಕೇಳಿ. ಇಷ್ಟ ಬದಲಾಗಿದ್ದರೆ ಸಂತೋಷ. ಸಂಜೆ ಬಸ್ಸಿಲ್ಲ ಅನ್ನುವುದೇ ಕಾರಣವಾದರೆ, ಬದಲಾಗಬೇಕಾದದ್ದು ಮಗುವಿನ ಕನಸಲ್ಲ, ಬಸ್ಸಿನ ಟೈಮು.