ಟೆಲಿಮೆಟ್ರಿ: ಆಫ್ ಅಂದ್ರೆ ನಿಜಕ್ಕೂ ಆಫಾ?

ಕಮಾಂಡ್ ಲೈನ್ ಟೂಲ್‌ನಲ್ಲಿ ಯಾವ ಕಮಾಂಡ್ ಎಷ್ಟು ಸಲ ಓಡಿತು, ಎಲ್ಲಿ ಕ್ರ್ಯಾಶ್ ಆಯ್ತು ಎಂಬ ಲೆಕ್ಕವನ್ನು ಟೂಲ್ ಕಟ್ಟಿದವರಿಗೆ ಕಳಿಸುವ ವ್ಯವಸ್ಥೆಯೇ ಟೆಲಿಮೆಟ್ರಿ. ದೋಷ ಹುಡುಕೋಕೆ ಈ ಲೆಕ್ಕ ಬೇಕು, ಒಪ್ಪೋಣ. ಆದರೆ ನಮ್ಮನ್ನು ಕೇಳಿ ಕಳಿಸ್ತಾರಾ, ಕೇಳದೆಯಾ?

2023ರ ಫೆಬ್ರವರಿಯಲ್ಲಿ ಗೂಗಲ್‌ನ ಗೋ ಭಾಷೆಯ ತಂಡದ ರಸ್ ಕಾಕ್ಸ್, ಟೆಲಿಮೆಟ್ರಿ ಮೊದಲೇ ಆನ್ ಇರಲಿ, ಬೇಡದವರು ಆಫ್ ಮಾಡಿಕೊಳ್ಳಲಿ ಎಂದು ಪ್ರಸ್ತಾಪಿಸಿದರು. ಅನೇಕ ಡೆವಲಪರ್‌ಗಳು ವಿರೋಧಿಸಿದರು. ಅದೇ ತಿಂಗಳು ಪ್ರಸ್ತಾಪ ಬದಲಾಯಿತು: ಒಪ್ಪಿದವರ ಲೆಕ್ಕ ಮಾತ್ರ ಕಳಿಸುವುದು. 2024ರ ಆಗಸ್ಟ್‌ನಲ್ಲಿ ಬಂದ ಗೋ 1.23ರಲ್ಲಿ ‘ಆಫ್’, ‘ಲೋಕಲ್’, ‘ಆನ್’ ಎಂಬ ಮೂರು ಆಯ್ಕೆಗಳಿವೆ. ಡೀಫಾಲ್ಟ್ ಆಗಿರೋದು ‘ಲೋಕಲ್’. ಅಂದರೆ ಎಣಿಕೆ ನಡೆಯುತ್ತೆ, ಆದರೆ ನಿಮ್ಮ ಕಂಪ್ಯೂಟರ್ ದಾಟಿ ಹೋಗಲ್ಲ.

ಬಳಕೆದಾರರು ಇದನ್ನೆಲ್ಲ ಪರೀಕ್ಷಿಸಬಹುದಾ? ಕೆಲವು ಟೂಲ್‌ಗಳಲ್ಲಿ ಆಗುತ್ತೆ. ನೆಕ್ಸ್ಟ್ ಜೆಎಸ್‌ನಲ್ಲಿ ಟೆಲಿಮೆಟ್ರಿ ಮೊದಲೇ ಆನ್ ಇರುತ್ತೆ. ಆದರೆ ಅದರ ಡಿಬಗ್ ಸೆಟ್ಟಿಂಗ್ ಹಾಕಿದರೆ ಡೇಟಾ ಎಲ್ಲಿಗೂ ಹೋಗದೆ ಟರ್ಮಿನಲ್‌ನಲ್ಲೇ ಕಾಣುತ್ತೆ.

ಟೂಲ್ ಕಟ್ಟುವವರು ಸ್ವಂತ ಮಷೀನ್‌ನಲ್ಲೇ ಒಂದು ನಕಲಿ ಸರ್ವರ್ ಇಟ್ಟು ಕನಿಷ್ಠ ಮೂರು ಟೆಸ್ಟ್ ಬರೆಯಬೇಕು. ಆಫ್ ಮಾಡಿದಾಗ ಆ ಸರ್ವರ್‌ಗೆ ಒಂದು ರಿಕ್ವೆಸ್ಟೂ ಬರಬಾರದು. ಆನ್ ಇದ್ದಾಗ ಹೋಗುವ ಡೇಟಾದಲ್ಲಿ ಫೋಲ್ಡರ್ ಹೆಸರು, ಪಾಸ್‌ವರ್ಡ್ ಸೇರಿರಬಾರದು. ಸರ್ವರ್ ಕೈಕೊಟ್ಟರೂ ಬಳಕೆದಾರರ ಕಮಾಂಡ್ ನಿಲ್ಲಬಾರದು.

ಓಪನ್ ಸೋರ್ಸ್ ಟೂಲ್ ಆದರೆ ಈ ಟೆಸ್ಟ್‌ಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಪ್ರೈವಸಿ ಪಾಲಿಸಿ ಓದುವ ಮುಂಚೆ ಅವು ಇವೆಯಾ ನೋಡಿ.